ಮೂರು ವೃತ್ತಗಳ ಚಿಕಿತ್ಸೆ: ಫಲ ಎಷ್ಟು, ಅಳತೆ ಎಷ್ಟು?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಸಿಬ್ಬಂದಿಗೆ ತರಬೇತಿ ಏರ್ಪಡಿಸುವ ಕೆಲಸ ನನ್ನದಾಗಿತ್ತು. ಹೊರವರ್ತುಲ ರಸ್ತೆಗೆ ಮುಖ ಮಾಡಿದ ಕಟ್ಟಡದ ಆರನೆಯ ಮಹಡಿಯಲ್ಲಿ ನಮ್ಮ ತರಬೇತಿ ಕೊಠಡಿ. ಆ ಸಲ ಬಂದಿದ್ದ ತರಬೇತುದಾರರು ಬಿಳಿ ಹಲಗೆಯ ಮೇಲೆ ಒಂದರ ಕೆಳಗೊಂದು ಮೂರು ವೃತ್ತ ಬರೆದರು. ಮೇಲಿನದು ಪೋಷಕ, ನಡುವಿನದು ವಯಸ್ಕ, ಕೆಳಗಿನದು ಮಗು. ಪಕ್ಕದಲ್ಲಿ ಮತ್ತೆ ಮೂರು. ಎರಡು ಸಾಲುಗಳ ನಡುವೆ ಬಾಣ ಎಳೆದು, ‘ನಿಮ್ಮ ಮ್ಯಾನೇಜರ್ ಬೈಯುವಾಗ ಈ ಬಾಣ ಎಲ್ಲಿಂದ ಹೊರಡುತ್ತದೆ, ನಿಮ್ಮೊಳಗೆ ಎಲ್ಲಿಗೆ ತಾಗುತ್ತದೆ?’ ಎಂದು ಕೇಳಿದರು. ಅಲ್ಲಿಯವರೆಗೆ ಮೇಜಿನ ಕೆಳಗೆ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತಿದರು. ಎರಡು ದಿನ ಕಳೆದದ್ದೇ ಗೊತ್ತಾಗಲಿಲ್ಲ.

ಎರಡನೆಯ ದಿನ ಸಂಜೆ ನಾಲ್ಕೂಮುಕ್ಕಾಲಿಗೆ ಅಭಿಪ್ರಾಯದ ಫಾರಂ ಹಂಚಿದೆ. ಐದೂಕಾಲಿಗೆ ಕಂಪನಿಯ ಕ್ಯಾಬ್. ಅದು ತಪ್ಪಿದರೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಕತ್ತಲಾಗುತ್ತದೆ. ಎಲ್ಲರೂ ನಿಂತುಕೊಂಡೇ ಐದಕ್ಕೆ ಐದು, ಹೆಚ್ಚೆಂದರೆ ಐದಕ್ಕೆ ನಾಲ್ಕು ಎಂದು ಗುರುತು ಹಾಕಿ ಹೊರಟರು. ಮರುದಿನ ಆ ಅಂಕಗಳ ಸರಾಸರಿ ತೆಗೆದು ‘ತರಬೇತಿ ಅತ್ಯಂತ ಪರಿಣಾಮಕಾರಿ’ ಎಂದು ಆಡಳಿತ ಮಂಡಳಿಗೆ ವರದಿ ಕಳುಹಿಸಿದೆ.

ಎರಡು ತಿಂಗಳಾದ ಮೇಲೆ ಅದೇ ತಂಡದ ಒಬ್ಬ ಹುಡುಗಿ ನನ್ನ ಮೇಜಿನ ಬಳಿ ಬಂದಳು. ‘ಮೇಡಂ, ನಮ್ಮ ಟೀಮ್ ಲೀಡ್ ಈಗಲೂ ಮೊದಲಿನ ಹಾಗೆಯೇ ಕೂಗುತ್ತಾರೆ. ಮೊದಲು ಸುಮ್ಮನೆ ಕೂಗುತ್ತಿದ್ದರು. ಈಗ ನಾನು ಎದುರು ಮಾತನಾಡಿದರೆ, ನೀನು ಮಗುವಿನ ಸ್ಥಿತಿಯಲ್ಲಿದ್ದೀಯ, ವಯಸ್ಕ ಸ್ಥಿತಿಗೆ ಬಾ ಎನ್ನುತ್ತಾರೆ’ ಎಂದಳು. ನಾನು ಕಳುಹಿಸಿದ್ದ ವರದಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಆ ಹುಡುಗಿಯ ಮಾತು ನನ್ನನ್ನು ಬಿಡಲಿಲ್ಲ. ಟಿಎ ಎಂಬ ಎರಡಕ್ಷರದಲ್ಲಿ ಬೆಂಗಳೂರಿನ ತರಬೇತಿ ವಲಯಕ್ಕೆಲ್ಲ ಪರಿಚಿತವಾಗಿರುವ ಈ ಪದ್ಧತಿ, ಅಂದರೆ ಟ್ರಾನ್ಸಾಕ್ಷನಲ್ ಅನಾಲಿಸಿಸ್ ಅಥವಾ ವ್ಯವಹಾರ ವಿಶ್ಲೇಷಣೆ, ನಿಜಕ್ಕೂ ಫಲ ಕೊಡುತ್ತದೆಯೇ ಎಂದು ಹುಡುಕುತ್ತಾ ಹೋದೆ. ಮುಂದೆ ಆಪ್ತಸಮಾಲೋಚನೆಯ ತರಗತಿಗೂ ಸೇರಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಒಂದೇ ಪ್ರಶ್ನೆಯಂತೆ ಕಾಣುವ ಇದರಲ್ಲಿ ಎರಡು ಪ್ರಶ್ನೆಗಳಿವೆ. ನೊಂದವರಿಗೆ ಚಿಕಿತ್ಸೆಯಾಗಿ ಇದು ಉಪಯೋಗಕ್ಕೆ ಬರುತ್ತದೆಯೇ ಎಂಬುದು ಮೊದಲನೆಯದು. ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಎರಡು ದಿನ ಕಲಿಸಿದರೆ ಜನರ ನಡೆನುಡಿ ಬದಲಾಗುತ್ತದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಾಕಷ್ಟು ಒಳ್ಳೆಯ ಉತ್ತರ ಇದೆ. ನಮ್ಮ ನಗರದಲ್ಲಿ ಹೆಚ್ಚಾಗಿ ಮಾರಾಟವಾಗುವುದು ಎರಡನೆಯದು.

ಈ ಪದ್ಧತಿಯನ್ನು ಕಟ್ಟಿದ ಎರಿಕ್ ಬರ್ನ್ 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಮನೋವೈದ್ಯ. ವರ್ಷಗಟ್ಟಲೆ ಮನೋವಿಶ್ಲೇಷಣೆಯ ತರಬೇತಿ ಪಡೆದರೂ 1956ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮನೋವಿಶ್ಲೇಷಣಾ ಸಂಸ್ಥೆ ಅವರಿಗೆ ಸದಸ್ಯತ್ವ ಕೊಡಲಿಲ್ಲ. ಆಮೇಲೆ ಅವರು ತಮ್ಮದೇ ದಾರಿ ಹಿಡಿದರು. ಒಬ್ಬ ಮನುಷ್ಯ ಮಾತನಾಡುವಾಗ ಅವನೊಳಗೆ ಮೂರು ದನಿಗಳಲ್ಲಿ ಯಾವುದೋ ಒಂದು ಮುಂದೆ ಬಂದಿರುತ್ತದೆ: ಹೆತ್ತವರಿಂದ, ಹಿರಿಯರಿಂದ ಎತ್ತಿಕೊಂಡ ದನಿ, ಈ ಹೊತ್ತಿನ ವಾಸ್ತವವನ್ನು ಅಳೆದು ಮಾತನಾಡುವ ದನಿ, ಬಾಲ್ಯದಲ್ಲಿ ಅನುಭವಿಸಿದ್ದನ್ನು ಮತ್ತೆ ಅನುಭವಿಸುವ ದನಿ. ಪೋಷಕ, ವಯಸ್ಕ, ಮಗು ಎಂಬ ಆ ಮೂರು ವೃತ್ತಗಳು ಇವೇ. ಟಿಎಯಲ್ಲಿ ಇವನ್ನು ಅಹಂ ಸ್ಥಿತಿಗಳು ಎನ್ನುತ್ತಾರೆ. ಇಬ್ಬರ ನಡುವಿನ ಒಂದು ಮಾತು, ಅದಕ್ಕೊಂದು ಮರುಮಾತು ಸೇರಿದರೆ ಒಂದು ವ್ಯವಹಾರ. ಬಾಲ್ಯದಲ್ಲೇ ನಾವು ನಮ್ಮ ಬಾಳಿಗೊಂದು ಕಥೆ ಬರೆದುಕೊಂಡು, ಗೊತ್ತಿಲ್ಲದೆಯೇ ಅದರಂತೆ ನಡೆಯುತ್ತೇವೆ ಎಂಬುದು ಅವರ ಇನ್ನೊಂದು ಮುಖ್ಯ ವಿಚಾರ. 1964ರಲ್ಲಿ ಬಂದ ಅವರ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅದೇ ವರ್ಷ ಟಿಎಯ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. 1970ರಲ್ಲಿ, ಅರವತ್ತು ವಯಸ್ಸಿಗೇ ಬರ್ನ್ ತೀರಿಕೊಂಡರು.

ಅಷ್ಟು ಬೇಗ ಸಿಕ್ಕ ಜನಪ್ರಿಯತೆಯಿಂದ ಈ ಪದ್ಧತಿಗೆ ಲಾಭವಾದಷ್ಟೇ ನಷ್ಟವೂ ಆಯಿತು ಎಂದು ನನಗೆ ಅನಿಸುತ್ತದೆ. ಜನ ಮುಗಿಬಿದ್ದು ಕೊಳ್ಳುವಾಗ ಅಳೆದು ನೋಡುವ ಅವಸರ ಯಾರಿಗೂ ಇರಲಿಲ್ಲ. ಅದೇ ಕಾಲದಲ್ಲಿ ಬೆಳೆದ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಮೊದಲಿನಿಂದಲೂ ಪ್ರಯೋಗಗಳ ಜೊತೆಜೊತೆಗೇ ನಡೆಯಿತು. ಇಂದು ಬ್ರಿಟನ್‌ನ ಖಿನ್ನತೆಯ ಮಾರ್ಗಸೂಚಿಯಲ್ಲಿ ಸಿಬಿಟಿಗೆ ಹೆಸರು ಹಿಡಿದು ಶಿಫಾರಸು ಇದೆ, ಟಿಎಗೆ ಇಲ್ಲ. ಟಿಎ ನಿಷ್ಪ್ರಯೋಜಕ ಎಂದು ಯಾರೋ ತೀರ್ಪು ಕೊಟ್ಟದ್ದಕ್ಕೆ ಹೀಗಾಗಲಿಲ್ಲ, ತೀರ್ಪು ಕೊಡುವಷ್ಟು ದೊಡ್ಡ ಪ್ರಯೋಗಗಳು ಮುಂದೆ ಬರಲಿಲ್ಲ.

ಹಾಗೆಂದು ಪ್ರಯೋಗಗಳೇ ಇರಲಿಲ್ಲ ಎಂದಲ್ಲ. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬಾಲಾಪರಾಧಿ ಶಾಲೆಗಳಲ್ಲಿ ನಡೆದ ಒಂದು ಅಧ್ಯಯನ ಇಂದಿಗೂ ಓದಲು ಯೋಗ್ಯ. ಸ್ಟಾಕ್ಟನ್ ಎಂಬ ಊರಿನಲ್ಲಿ ಎರಡು ಶಾಲೆಗಳು. ಒಂಬೈನೂರಕ್ಕೂ ಹೆಚ್ಚು ಹದಿಹರೆಯದ ಹುಡುಗರನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಎರಡಕ್ಕೂ ಹಂಚಿದರು. ಒಂದರಲ್ಲಿ ಟಿಎ, ಇನ್ನೊಂದರಲ್ಲಿ ಒಳ್ಳೆಯ ನಡತೆಗೆ ಅಂಕ ಕೊಡುವ ವರ್ತನಾ ಪದ್ಧತಿ. ಕಾರ್ಲ್ ಜೆಸ್ನೆಸ್ ಅದರ ಫಲಿತಾಂಶವನ್ನು 1975ರಲ್ಲಿ ಪ್ರಕಟಿಸಿದರು. ಬಿಡುಗಡೆಯಾದ ಮೇಲೆ ಮತ್ತೆ ತಪ್ಪು ದಾರಿ ಹಿಡಿದವರ ಪ್ರಮಾಣ ಎರಡೂ ಶಾಲೆಗಳಲ್ಲಿ ಹೆಚ್ಚೂಕಡಿಮೆ ಒಂದೇ ಆಗಿತ್ತು. ಮೊದಲಿಗೆ ಹೋಲಿಸಿದರೆ ಎರಡರಲ್ಲೂ ಅದು ಇಳಿದಿತ್ತು. ಹುಡುಗರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದರಲ್ಲಿ ಟಿಎ ಶಾಲೆ ಮುಂದಿತ್ತು, ಸಿಬ್ಬಂದಿ ಅಳೆದ ನಡತೆಯಲ್ಲಿ ಇನ್ನೊಂದು ಶಾಲೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬೇರೆಯೇ ಒಂದು ಅಂಶ. ಯಾವ ಶಾಲೆಯೇ ಇರಲಿ, ತಮ್ಮನ್ನು ನೋಡಿಕೊಂಡ ಸಿಬ್ಬಂದಿಯ ಮೇಲೆ ಪ್ರೀತಿ, ಗೌರವ ಬೆಳೆಸಿಕೊಂಡ ಹುಡುಗರು ಹೊರಗೆ ಹೋದ ಮೇಲೆ ಚೆನ್ನಾಗಿ ಬಾಳಿದ್ದರು. ಅಂಥ ಪ್ರೀತಿ ಹೆಚ್ಚಾಗಿ ಕಂಡದ್ದು ಟಿಎ ಶಾಲೆಯಲ್ಲಿ.

ಆಮೇಲೆ ಬಹಳ ವರ್ಷ ಇಂಥ ಗಟ್ಟಿ ಪ್ರಯೋಗ ಕಾಣಸಿಗುವುದಿಲ್ಲ. ಅಮೆರಿಕದ ಗ್ರಾಹಕ ಪತ್ರಿಕೆಯೊಂದು ತನ್ನ ಓದುಗರಲ್ಲಿ ಮಾನಸಿಕ ಚಿಕಿತ್ಸೆ ಪಡೆದ ಸುಮಾರು 2,900 ಮಂದಿಯ ಅಭಿಪ್ರಾಯ ಕೇಳಿ 1995ರಲ್ಲಿ ಪ್ರಕಟಿಸಿತ್ತು. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಅದನ್ನು ವಿಶ್ಲೇಷಿಸಿ ಬರೆದ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು. ಅದೇ ಪ್ರಶ್ನೆಗಳನ್ನು ಹಿಡಿದು ಟೆಡ್ ನೋವಿ ಎಂಬ ಸಂಶೋಧಕರು ಟಿಎ ಚಿಕಿತ್ಸಕರ ಬಳಿ ಹೋಗುತ್ತಿದ್ದವರನ್ನು ಕೇಳಿದರು. ಪತ್ರಿಕೆಯ ಸಮೀಕ್ಷೆಯಲ್ಲಿದ್ದವರಿಗಿಂತ ಇವರು ಹೆಚ್ಚು ಸುಧಾರಣೆ ಕಂಡಿದ್ದಾಗಿ ಹೇಳಿದರು. ಟಿಎ ವಲಯದಲ್ಲಿ ಈ ಫಲಿತಾಂಶವನ್ನು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ನಾನು ಅದಕ್ಕೆ ಹೆಚ್ಚು ತೂಕ ಕೊಡಲಾರೆ. ಫಾರಂ ತುಂಬಿದವರು ಚಿಕಿತ್ಸೆಯಲ್ಲಿ ಉಳಿದುಕೊಂಡವರು. ಬೇಸತ್ತು ನಡುವೆ ಬಿಟ್ಟುಹೋದವರ ಕೈಗೆ ಆ ಫಾರಂ ಸಿಕ್ಕಿರುವ ಸಂಭವ ಕಡಿಮೆ. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪೂ ಅಲ್ಲಿಲ್ಲ. ನನ್ನ ನಾಲ್ಕೂಮುಕ್ಕಾಲಿನ ಫಾರಂಗೂ ಅದಕ್ಕೂ ಅಂತರ ಇದೆ, ಆದರೆ ನಾನು ಬಯಸುವಷ್ಟು ಇಲ್ಲ.

2010ರ ನಂತರ ಚಿತ್ರ ಬದಲಾಗತೊಡಗಿತು. ಆ ವರ್ಷ ಟಿಎ ಸಂಶೋಧನೆಗೆಂದೇ ಒಂದು ಅಂತರರಾಷ್ಟ್ರೀಯ ನಿಯತಕಾಲಿಕ ಶುರುವಾಯಿತು. ಲಂಡನ್ನಿನಲ್ಲಿ ಬಿಲ್ಯಾನಾ ವಾನ್ ರೈನ್ ಮತ್ತು ಸಂಗಡಿಗರು ಸರ್ಕಾರಿ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯಲ್ಲಿ ಟಿಎ ಚಿಕಿತ್ಸೆ ಪಡೆದವರ ಖಿನ್ನತೆ, ಆತಂಕಗಳನ್ನು ಪ್ರಮಾಣಿತ ಪ್ರಶ್ನಾವಳಿಗಳಿಂದ ಅಳೆದರು. ಸುಧಾರಣೆ ಕಂಡಿತು, ಇತರ ಚಿಕಿತ್ಸೆಗಳ ಸಾಲಿಗೆ ನಿಲ್ಲುವಷ್ಟು.

ಅದಕ್ಕಿಂತ ಕುತೂಹಲಕರವಾದದ್ದು ಮಾರ್ಕ್ ವಿಡೊಸನ್ ಹಿಡಿದ ದಾರಿ. ದೊಡ್ಡ ಪ್ರಯೋಗಕ್ಕೆ ದುಡ್ಡಿಲ್ಲದಿದ್ದರೆ ಏನು ಮಾಡಬೇಕು? ಒಬ್ಬೊಬ್ಬರ ಚಿಕಿತ್ಸೆಯನ್ನೇ ನ್ಯಾಯಾಲಯದ ಮೊಕದ್ದಮೆಯಂತೆ ವಿಚಾರಣೆಗೆ ಒಳಪಡಿಸುವ ಒಂದು ಪದ್ಧತಿಯನ್ನು ರಾಬರ್ಟ್ ಎಲಿಯಟ್ ರೂಪಿಸಿದ್ದರು. ಪ್ರತಿ ವಾರದ ಅಂಕಗಳು, ಸಂದರ್ಶನ, ಚಿಕಿತ್ಸಕರ ಟಿಪ್ಪಣಿ ಎಲ್ಲವನ್ನೂ ಒಂದು ಕಡತದಲ್ಲಿ ಕೂಡಿಸುತ್ತಾರೆ. ಒಂದು ಪಕ್ಷ ‘ಈ ವ್ಯಕ್ತಿ ಸುಧಾರಿಸಿದ್ದು ಚಿಕಿತ್ಸೆಯಿಂದಲೇ’ ಎಂದು ವಾದಿಸುತ್ತದೆ. ಎದುರು ಪಕ್ಷ ‘ಇಲ್ಲ, ಅದೇ ಸಮಯದಲ್ಲಿ ಹೊಸ ಕೆಲಸ ಸಿಕ್ಕಿತ್ತು, ಕಾಲವೇ ಗಾಯ ಮಾಗಿಸಿತು, ಚಿಕಿತ್ಸಕರನ್ನು ಮೆಚ್ಚಿಸಲು ಹಾಗೆ ಹೇಳಿದರು’ ಎಂದು ಪಟ್ಟು ಹಿಡಿಯುತ್ತದೆ. ಹೊರಗಿನ ತೀರ್ಪುಗಾರರು ನಿರ್ಧಾರ ಕೊಡುತ್ತಾರೆ. ವಿಡೊಸನ್ 2012ರಿಂದ ಖಿನ್ನತೆಯ ಕೆಲವು ಪ್ರಕರಣಗಳನ್ನು ಹೀಗೆ ಪ್ರಕಟಿಸಿದರು. ಇಟಲಿಯಲ್ಲಿ ಎನ್ರಿಕೊ ಬೆನೆಲ್ಲಿ ಮತ್ತು ತಂಡದವರು ಅದನ್ನೇ ಮತ್ತೆ ಮಾಡಿ ನೋಡಿದರು. ಪ್ರಕರಣಗಳ ಸಂಖ್ಯೆ ಚಿಕ್ಕದು. ಆದರೆ ಎದುರು ಪಕ್ಷಕ್ಕೂ ಮಾತನಾಡಲು ಕುರ್ಚಿ ಹಾಕಿದ ಈ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು.

ಇವೆಲ್ಲವನ್ನೂ ಒಟ್ಟಿಗೆ ತೂಗಿದ್ದು 2021ರಲ್ಲಿ. ಯೋಯೆಲ್ ವೋಸ್ ಮತ್ತು ವಾನ್ ರೈನ್ 41 ಪ್ರಯೋಗಗಳನ್ನು ಕೂಡಿಸಿ ಮಹಾವಿಶ್ಲೇಷಣೆ ಪ್ರಕಟಿಸಿದರು. ಇಂಥ ಲೆಕ್ಕದಲ್ಲಿ ಪರಿಣಾಮದ ಗಾತ್ರ 0.2 ಇದ್ದರೆ ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು ಎಂದು ಓದುವುದು ರೂಢಿ. ಮಾನಸಿಕ ತೊಂದರೆಯ ಲಕ್ಷಣಗಳ ಮೇಲೆ ಟಿಎಯ ಪರಿಣಾಮ ಸರಾಸರಿ 0.66 ಎಂದು ಬಂತು. ತನ್ನಿಂದ ಸಾಧ್ಯ ಎಂಬ ಆತ್ಮವಿಶ್ವಾಸದ ಮೇಲೆ ಇನ್ನೂ ಹೆಚ್ಚು. ಒಟ್ಟಾರೆ ಕ್ಷೇಮಭಾವದ ಮೇಲೆ 0.33 ಮಾತ್ರ. ಅಂದರೆ ನೋವು ಕಡಿಮೆಯಾದಷ್ಟು ನೆಮ್ಮದಿ ಹೆಚ್ಚಾಗಿರಲಿಲ್ಲ. ಇದನ್ನು ಟಿಎ ಕಲಿಸುವವರು ಹೆಚ್ಚಾಗಿ ಹೇಳುವುದಿಲ್ಲ. ಹೇಳಬೇಕಾದ ಮಾತು ಇದೇ ಎಂದು ನನಗೆ ತೋರುತ್ತದೆ.

ಈ ಅಂಕಿಗಳನ್ನು ನಾನು ತಳ್ಳಿಹಾಕುವುದಿಲ್ಲ. ಕಣ್ಣು ಮುಚ್ಚಿ ಒಪ್ಪುವುದೂ ಇಲ್ಲ. ಸೇರಿಸಿದ ಅಧ್ಯಯನಗಳಲ್ಲಿ ಚಿಕ್ಕ ಗುಂಪುಗಳವು ಬಹಳ. ಚಿಕ್ಕ ಅಧ್ಯಯನದಲ್ಲಿ ಫಲ ಕಾಣದಿದ್ದರೆ ಅದು ಅಚ್ಚಿಗೆ ಹೋಗದೆ ಕಪಾಟಿನಲ್ಲೇ ಉಳಿಯುವ ಸಂಭವ ಹೆಚ್ಚು. ಸಂಶೋಧಕರಲ್ಲಿ ಅನೇಕರು ಸ್ವತಃ ಟಿಎ ಅಭ್ಯಾಸಿಗಳು. ತಾನು ನಂಬಿದ ಚಿಕಿತ್ಸೆಯನ್ನು ತಾನೇ ಪರೀಕ್ಷಿಸುವವನ ಕೈಯಲ್ಲಿ ತಕ್ಕಡಿ ಸ್ವಲ್ಪ ಆ ಕಡೆಗೇ ವಾಲುತ್ತದೆ ಎಂಬುದು ಮಾನಸಿಕ ಚಿಕಿತ್ಸೆಯ ಸಂಶೋಧನೆಯಲ್ಲಿ ಪದೇ ಪದೇ ಕಂಡ ಸಂಗತಿ. ಸಿಬಿಟಿಗೂ ಈ ಮಾತು ಅನ್ವಯಿಸುತ್ತದೆ.

ಹೋಲಿಕೆಯ ಗುಂಪು ಏಕೆ ಬೇಕು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಪಕ್ಕದ ಗೋವಾಕ್ಕೆ ಹೋದರೆ ಸಾಕು. ಅಲ್ಲಿ ವಿಕ್ರಂ ಪಟೇಲ್ ಮತ್ತು ತಂಡದವರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯ ಮೇಲೆ ಪ್ರಯೋಗ ನಡೆಸಿ 2017ರಲ್ಲಿ ವರದಿ ಮಾಡಿದರು. ಅರ್ಧದಷ್ಟು ಜನರಿಗೆ ಎಂದಿನ ವೈದ್ಯರ ಆರೈಕೆಯ ಜೊತೆಗೆ, ಮನಶ್ಶಾಸ್ತ್ರದ ಪದವಿಯೇ ಇಲ್ಲದ ಸ್ಥಳೀಯ ಸಮಾಲೋಚಕರಿಂದ ಆರೆಂಟು ಭೇಟಿಗಳ ಸರಳ ಚಿಕಿತ್ಸೆ ಸಿಕ್ಕಿತು. ಮೂರು ತಿಂಗಳಾದ ಮೇಲೆ ಅವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಉಳಿದರ್ಧ, ಅಂದರೆ ಆ ಚಿಕಿತ್ಸೆ ಸಿಗದವರಲ್ಲಿ? ಅಲ್ಲೂ ಶೇ. 39 ಮಂದಿ. ಇದನ್ನು ನಿಧಾನವಾಗಿ ಯೋಚಿಸಿ. ಹೋಲಿಕೆಯ ಗುಂಪು ಇರದಿದ್ದರೆ ಶೇ. 64ರ ಇಡೀ ಶ್ರೇಯ ಚಿಕಿತ್ಸೆಗೇ ಹೋಗುತ್ತಿತ್ತು. ನಿಜವಾಗಿ ಚಿಕಿತ್ಸೆಗೆ ಸಲ್ಲಬೇಕಾದದ್ದು ನಡುವಿನ 25. ಅದು ಚಿಕ್ಕದಲ್ಲ. ನೂರು ಮನೆಗಳಲ್ಲಿ ಇಪ್ಪತ್ತೈದು ಮನೆಗಳ ಬೆಳಕು ಅದು. ಆ ಚಿಕಿತ್ಸೆ ಟಿಎ ಅಲ್ಲ, ವರ್ತನೆಯನ್ನು ಚುರುಕುಗೊಳಿಸುವ ಬೇರೆ ಪದ್ಧತಿ. ಆದರೆ ಕೊಂಕಣಿ, ಮರಾಠಿ ಆಡುವ ಜನರ ನಡುವೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇಂಥ ಪ್ರಯೋಗ ಸಾಧ್ಯವಾದರೆ, ಕನ್ನಡ ಆಡುವ ಜನರ ನಡುವೆಯೂ ಸಾಧ್ಯ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಸುಧಾರಣೆ ಬಂದದ್ದು ಮೂರು ವೃತ್ತಗಳಿಂದಲೋ, ಅದನ್ನು ಬರೆದು ತೋರಿಸಿದವರ ಕಕ್ಕುಲಾತಿಯಿಂದಲೋ? ಚಿಕಿತ್ಸಕರ ಮತ್ತು ನೊಂದವರ ನಡುವಿನ ಬಾಂಧವ್ಯ ಗಟ್ಟಿಯಾಗಿದ್ದಷ್ಟು ಫಲ ಹೆಚ್ಚು ಎಂಬುದನ್ನು ನೂರಾರು ಅಧ್ಯಯನಗಳು ತೋರಿಸಿವೆ. ಅವನ್ನು ಕೂಡಿಸಿದಾಗ ಸಿಗುವ ಪರಸ್ಪರ ಸಂಬಂಧದ ಅಂಕಿ ಸುಮಾರು 0.28. ಇದು ಹಿಂದೆ ಹೇಳಿದ ಪರಿಣಾಮದ ಗಾತ್ರ ಅಲ್ಲ, ಇಲ್ಲಿ ಸೊನ್ನೆ ಎಂದರೆ ಸಂಬಂಧವೇ ಇಲ್ಲ, ಒಂದು ಎಂದರೆ ಪೂರ್ತಿ ಸಂಬಂಧ. ಯಾವ ಪದ್ಧತಿಯಾದರೂ ಇದು ಬಹಳ ಏರುಪೇರಾಗುವುದಿಲ್ಲ. ಸ್ಟಾಕ್ಟನ್ನಿನ ಹುಡುಗರ ಪ್ರೀತಿಯ ಕಥೆಯೂ ಇದೇ. ಟಿಎ ಸರಳ ಭಾಷೆಯಲ್ಲಿ ಮಾತನಾಡುತ್ತದೆ, ಚಿಕಿತ್ಸಕನ ತಲೆಯಲ್ಲಿರುವ ನಕ್ಷೆಯನ್ನು ನೊಂದವರ ಕೈಗೂ ಕೊಡುತ್ತದೆ. ಬಾಂಧವ್ಯ ಬೇಗ ಬೆಳೆಯಲು ಅದೇ ನೆರವಾಗುತ್ತಿರಬಹುದು. ಹಾಗಿದ್ದರೂ ಅದು ಟಿಎಯ ಗುಣವೇ ಹೊರತು ಕೊರತೆ ಅಲ್ಲ.

ಇಷ್ಟು ಚಿಕಿತ್ಸೆಯ ಮಾತು. ತರಬೇತಿಯದು ಬೇರೆ.

ಟಿಎಯಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದ ವಿಶ್ಲೇಷಕರಾಗಲು ಒಟ್ಟು 2,000 ಗಂಟೆ ಬೇಕು. ಅದರಲ್ಲಿ 750 ಗಂಟೆ ಜನರ ಜೊತೆ ನೇರ ಕೆಲಸ, 600 ಗಂಟೆ ಟಿಎ ತರಬೇತಿ, 150 ಗಂಟೆ ಹಿರಿಯರ ಮೇಲ್ವಿಚಾರಣೆ. ಬಾಯಿಮಾತಿನ ಪರೀಕ್ಷೆ, ಬರಹದ ಪರೀಕ್ಷೆ ಎರಡೂ ಉಂಟು. ಅಧಿಕೃತ ಪರಿಚಯ ತರಗತಿಗೆ, ಅಂದರೆ ‘ಟಿಎ 101’ಕ್ಕೆ, ಸುಮಾರು ಹನ್ನೆರಡು ಗಂಟೆ ಸಾಕು. ಮೇಲೆ ಹೇಳಿದ ಚಿಕಿತ್ಸೆಯ ಅಧ್ಯಯನಗಳಲ್ಲಿ ಕೆಲಸ ಮಾಡಿದವರಲ್ಲಿ ಅನೇಕರು ಮೊದಲ ದಾರಿಯಲ್ಲಿ ವರ್ಷಗಟ್ಟಲೆ ನಡೆದವರು. ಬೆಂಗಳೂರಿನ ಕಚೇರಿಗಳಲ್ಲಿ ಹಂಚುವುದು ಎರಡನೆಯದನ್ನು, ಕೆಲವೊಮ್ಮೆ ಅದನ್ನೂ ಅರ್ಧ ದಿನಕ್ಕೆ ಇಳಿಸಿ. ಕರಪತ್ರದಲ್ಲಿ ‘ಸಂಶೋಧನೆಯಿಂದ ಸಾಬೀತಾದ ಪದ್ಧತಿ’ ಎಂದು ಬರೆಯುವಾಗ 2,000 ಗಂಟೆಯವರು ದುಡಿದು ತಂದ ಪುರಾವೆಯನ್ನು ಹನ್ನೆರಡು ಗಂಟೆಯ ಸರಕಿಗೆ ಅಂಟಿಸಿದಂತಾಗುತ್ತದೆ. ಇದು ಸರಿಯಲ್ಲ. ಮಾರುವವರಿಗೂ ಇದು ಗೊತ್ತಿರಬೇಕು, ಕೊಳ್ಳುವ ನಮಗೂ.

ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲುಗಳಲ್ಲಿ ನೋಡಬೇಕೆಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದರು. ಬಂದವರಿಗೆ ಇಷ್ಟವಾಯಿತೇ, ಏನಾದರೂ ಕಲಿತರೇ, ಕೆಲಸಕ್ಕೆ ಮರಳಿದ ಮೇಲೆ ನಡೆ ಬದಲಾಯಿತೇ, ಅದರಿಂದ ಸಂಸ್ಥೆಗೆ ಏನಾದರೂ ಆಯಿತೇ. ನಾನು ಹಂಚಿದ ಫಾರಂ ಮೊದಲ ಮೆಟ್ಟಿಲಿನಲ್ಲೇ ಕುಳಿತಿತ್ತು. ಟಿಎ ತರಬೇತಿಯ ಪ್ರಕಟಿತ ಅಧ್ಯಯನಗಳಲ್ಲೂ ಹೆಚ್ಚಿನವು ಎರಡನೆಯ ಮೆಟ್ಟಿಲು ದಾಟುವುದಿಲ್ಲ. ಶಿಬಿರಕ್ಕೆ ಮೊದಲು ಒಂದು ಪ್ರಶ್ನಾವಳಿ, ಮುಗಿದ ಕೂಡಲೇ ಅದೇ ಪ್ರಶ್ನಾವಳಿ, ಅಂಕ ಏರಿದೆ, ಆದ್ದರಿಂದ ಯಶಸ್ಸು. ‘ವಯಸ್ಕ ಸ್ಥಿತಿ ಒಳ್ಳೆಯದು’ ಎಂದು ಎರಡು ದಿನ ಕೇಳಿದವರು ಮೂರನೆಯ ದಿನ ಫಾರಂನಲ್ಲಿ ತಮ್ಮ ವಯಸ್ಕ ಸ್ಥಿತಿಗೆ ಹೆಚ್ಚು ಅಂಕ ಕೊಡುವುದರಲ್ಲಿ ಆಶ್ಚರ್ಯವೇನಿದೆ? ಎಪ್ಪತ್ತರ ದಶಕದಲ್ಲೇ ಅಮೆರಿಕನ್ ಏರ್‌ಲೈನ್ಸ್ ತನ್ನ ಸಿಬ್ಬಂದಿಗೆ ಪ್ರಯಾಣಿಕರ ಜೊತೆ ಹೇಗೆ ಮಾತನಾಡಬೇಕೆಂದು ಟಿಎ ಮೂಲಕ ಕಲಿಸಿತ್ತು. ಅಲ್ಲಿಂದ ಇಲ್ಲಿಯವರೆಗೆ ಜಗತ್ತಿನಾದ್ಯಂತ ಕಂಪನಿಗಳು ಇದಕ್ಕೆ ಖರ್ಚು ಮಾಡಿದ ಹಣಕ್ಕೆ ಹೋಲಿಸಿದರೆ ಮೂರನೆಯ, ನಾಲ್ಕನೆಯ ಮೆಟ್ಟಿಲಿನ ಪುರಾವೆ ತೀರಾ ತೆಳುವಾಗಿದೆ.

ಕಲಿತದ್ದು ಕೆಲಸದ ಜಾಗಕ್ಕೆ ಇಳಿಯಬೇಕಾದರೆ ಅಲ್ಲಿನ ಮೇಲಧಿಕಾರಿ ಅದಕ್ಕೆ ಆಸರೆಯಾಗಬೇಕು, ಕೂಡಲೇ ಬಳಸಲು ಅವಕಾಶ ಇರಬೇಕು ಎಂದು ಬಾಲ್ಡ್ವಿನ್ ಮತ್ತು ಫೋರ್ಡ್ 1988ರಷ್ಟು ಹಿಂದೆಯೇ ತೋರಿಸಿದ್ದರು. ನಮ್ಮ ಆ ಹುಡುಗಿಗೆ ಆದದ್ದು ಇದರ ಉಲ್ಟಾ. ತನ್ನನ್ನು ತಾನು ನೋಡಿಕೊಳ್ಳಲು ಕೊಟ್ಟ ಕನ್ನಡಿಯನ್ನು ಅವಳ ಮೇಲಧಿಕಾರಿ ಎದುರಿನವರ ಮುಖಕ್ಕೆ ಹಿಡಿದರು. ಅರ್ಧಂಬರ್ಧ ಕಲಿತ ಟಿಎಯಿಂದ ಆಗುವ ಹಾನಿಯನ್ನು ಯಾವ ಅಭಿಪ್ರಾಯದ ಫಾರಂ ಕೂಡ ಕೇಳುವುದಿಲ್ಲ.

ಇದು ಕಚೇರಿಗಳಿಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ತೊಂದರೆ ಯಾವುದು ಎಂಬುದರ ಮೇಲೆ, ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಈ ಕಂದಕವನ್ನು ತುಂಬಲು ಆಪ್ತಸಮಾಲೋಚಕರು ಬೇಕೇ ಬೇಕು. ಬೆಂಗಳೂರಿನ ಶಾಲೆ ಕಾಲೇಜುಗಳಲ್ಲಿ, ಬಡಾವಣೆಯ ಕೇಂದ್ರಗಳಲ್ಲಿ ಕೆಲಸ ಮಾಡುವ ಅನೇಕ ಸಮಾಲೋಚಕರು ಒಂದಲ್ಲ ಒಂದು ಹಂತದಲ್ಲಿ ಟಿಎ ಕಲಿತವರು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಸಮಾಲೋಚಕರನ್ನು ಕಾನೂನಿನ ಚೌಕಟ್ಟಿಗೆ ತಂದದ್ದು 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ, ಅದು ನೆಲಕ್ಕಿಳಿಯುವ ಕೆಲಸ ನಿಧಾನವಾಗಿ ಸಾಗಿದೆ. ಅಲ್ಲಿಯವರೆಗೆ ನೊಂದವರ ಪಾಲಿಗೆ ಕಾವಲಾಗಿರುವುದು ಸಮಾಲೋಚಕರ ಪ್ರಾಮಾಣಿಕತೆ, ಮತ್ತು ಅವರು ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳುವ ಅಭ್ಯಾಸ.

ಅಳೆಯುವುದು ಎಂದರೆ ಕನ್ನಡದಲ್ಲಿ ಅಳೆಯುವುದು. ಇಲ್ಲಿ ಒಂದು ನಿಜವಾದ ತೊಡಕಿದೆ.

ಟಿಎಯಲ್ಲಿ ಒಬ್ಬರು ಇನ್ನೊಬ್ಬರನ್ನು ಗುರುತಿಸಿ ತೋರುವ ಗಮನಕ್ಕೆ ‘ಸ್ಟ್ರೋಕ್’ ಎನ್ನುತ್ತಾರೆ. ಕನ್ನಡಿಗರಿಗೆ ಸ್ಟ್ರೋಕ್ ಎಂದರೆ ಲಕ್ವ. ‘ನಿಮಗೆ ದಿನಕ್ಕೆ ಎಷ್ಟು ಸ್ಟ್ರೋಕ್ ಬೇಕು?’ ಎಂದು ತರಗತಿಯಲ್ಲಿ ಕೇಳಿದಾಗ ಪಕ್ಕದಲ್ಲಿದ್ದ ನಿವೃತ್ತ ಶಿಕ್ಷಕರು ಗಾಬರಿಯಾದರು, ಅವರ ಅಣ್ಣ ಹೋದ ವರ್ಷ ಲಕ್ವದಿಂದ ಮಲಗಿದ್ದರು. ‘ಬೆನ್ನು ತಟ್ಟುವುದು’ ಎಂದಿದ್ದರೆ ಸಾಕಿತ್ತು. ಪದ ಬದಲಿಸಿದರೆ ಈ ತೊಡಕು ತೀರುತ್ತದೆ. ಇನ್ನೊಂದು ಅಷ್ಟು ಸುಲಭವಲ್ಲ. ಅಹಂ ಸ್ಥಿತಿಗಳನ್ನು ಗುರುತಿಸುವ ಅಭ್ಯಾಸದ ಹಾಳೆಯಲ್ಲಿ, ಅನುಮತಿ ಕೇಳುವ ಮಾತು, ತಗ್ಗಿದ ದನಿ, ಹಿರಿಯರು ಹೇಳಿದ್ದಕ್ಕೆ ಮರುಮಾತಿಲ್ಲದೆ ಒಪ್ಪುವುದು ಇವೆಲ್ಲ ‘ಹೊಂದಿಕೊಂಡ ಮಗು’ವಿನ ಲೆಕ್ಕಕ್ಕೆ ಹೋಗುತ್ತವೆ. ಅತ್ತೆ ಸೊಸೆಯನ್ನು ‘ನೀನು’ ಎನ್ನುತ್ತಾರೆ, ಸೊಸೆ ಅತ್ತೆಯನ್ನು ‘ನೀವು’ ಎನ್ನುತ್ತಾಳೆ. ಅಷ್ಟರಿಂದಲೇ ಒಬ್ಬರು ಪೋಷಕ, ಇನ್ನೊಬ್ಬರು ಮಗು ಎಂದು ಬಾಣ ಎಳೆದರೆ ಕನ್ನಡದ ವ್ಯಾಕರಣವನ್ನೇ ರೋಗ ಎಂದಂತಾಗುತ್ತದೆ. ‘ನೀವು’ ಎನ್ನುತ್ತಲೇ ತನ್ನ ಮಾತಿನಿಂದ ಒಂದಿಂಚೂ ಕದಲದ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ. ಭಾರತದ ಪರ್ಲ್ ಡ್ರೆಗೊ 1983ರಲ್ಲೇ ‘ಸಾಂಸ್ಕೃತಿಕ ಪೋಷಕ’ ಎಂಬ ವಿಚಾರವನ್ನು ಮುಂದಿಟ್ಟಿದ್ದರು. ನಮ್ಮೊಳಗಿನ ಪೋಷಕ ದನಿ ಅಪ್ಪ ಅಮ್ಮನದಷ್ಟೇ ಅಲ್ಲ, ಇಡೀ ಸಮಾಜದ್ದು ಎಂದು. ಟಿಎ ಜಗತ್ತು ಅದನ್ನು ಗೌರವದಿಂದ ಒಪ್ಪಿಕೊಂಡಿತು. ಆ ವಿಚಾರವನ್ನು ನಮ್ಮ ಭಾಷೆಯ ಪ್ರಶ್ನಾವಳಿಯಾಗಿ ಇಳಿಸುವ ಕೆಲಸ ನಮ್ಮದು. ಜಪಾನಿನಲ್ಲಿ ಟೋಕಿಯೊ ವಿಶ್ವವಿದ್ಯಾಲಯದವರು 1984ರಲ್ಲೇ ತಮ್ಮ ಭಾಷೆಗೆ ತಕ್ಕ ಇಗೊಗ್ರಾಮ್ ಪ್ರಶ್ನಾವಳಿ, ಅಂದರೆ ಒಬ್ಬರಲ್ಲಿ ಯಾವ ಅಹಂ ಸ್ಥಿತಿ ಎಷ್ಟಿದೆ ಎಂದು ಅಳೆಯುವ ಪ್ರಶ್ನಾವಳಿ ರೂಪಿಸಿ, ಮತ್ತೆ ಮತ್ತೆ ತಿದ್ದುತ್ತಾ ಆಸ್ಪತ್ರೆಗಳಲ್ಲಿ ಬಳಸುತ್ತಾ ಬಂದಿದ್ದಾರೆ.

ಅಂಥ ಪ್ರಶ್ನಾವಳಿ ಸಿದ್ಧವಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಕನ್ನಡದಲ್ಲಿ ಉಚಿತವಾಗಿ ಸಿಗುತ್ತದೆ. ಅಂಕ ಸೊನ್ನೆಯಿಂದ 27ರವರೆಗೆ, ಐದು ಅಂಕದ ಇಳಿಕೆಯಾದರೆ ಗಮನಾರ್ಹ ಸುಧಾರಣೆ ಎನ್ನುತ್ತಾರೆ. ಭರ್ತಿ ಮಾಡಲು ಮೂರು ನಾಲ್ಕು ನಿಮಿಷ ಸಾಕು. ಜೊತೆಗೆ ಟಿಎಯ ಒಳಗೇ ಒಂದು ಅಳತೆಗೋಲಿದೆ. ಬರ್ನ್ ಚಿಕಿತ್ಸೆಯನ್ನು ಒಪ್ಪಂದದಿಂದ ಶುರು ಮಾಡುತ್ತಿದ್ದರು. ಏನು ಬದಲಾಗಬೇಕು, ಬದಲಾಯಿತೆಂದು ನಿಮಗೂ ನನಗೂ ಹೇಗೆ ಗೊತ್ತಾಗಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳುವುದು. ಟಿಎಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ನಮ್ಮ ತರಗತಿಯಲ್ಲಿ ಜೋಡಿ ಅಭ್ಯಾಸಕ್ಕೆ ನನಗೆ ಸಿಕ್ಕಿದ್ದು ರಾಜಾಜಿನಗರದ ಕಡೆಯಿಂದ ಬರುತ್ತಿದ್ದ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿ. ‘ನನಗೆ ನೆಮ್ಮದಿ ಬೇಕು’ ಎಂದು ಆಕೆ ಬರೆದರು. ಬೋಧಕರು ಒಪ್ಪಲಿಲ್ಲ, ನೆಮ್ಮದಿ ಬಂದದ್ದು ಪಕ್ಕದ ಮನೆಯವರಿಗೆ ಹೇಗೆ ಕಾಣಬೇಕು ಎಂದು ಕೇಳಿದರು. ‘ಅತ್ತೆ ನನ್ನನ್ನು ಅರ್ಥ ಮಾಡಿಕೊಳ್ಳಬೇಕು’ ಎಂದು ತಿದ್ದಿದರು. ಅದೂ ಆಗಲಿಲ್ಲ, ಒಪ್ಪಂದ ಅತ್ತೆಯ ಜೊತೆ ಅಲ್ಲವಲ್ಲ. ಮೂರನೆಯ ಸಲ ಬಹಳ ಹೊತ್ತು ಸುಮ್ಮನಿದ್ದು ಹೀಗೆ ಬರೆದರು: ‘ಭಾನುವಾರ ಬೆಳಿಗ್ಗೆ, ಅತ್ತೆ, ಇವತ್ತು ತಿಂಡಿ ನನ್ನಿಂದಾಗುವುದಿಲ್ಲ, ಹೊರಗಿನಿಂದ ತರಿಸುತ್ತೇನೆ ಎಂದು ಹೇಳುತ್ತೇನೆ. ಹೇಳುವಾಗ ಅಳುವುದಿಲ್ಲ.’ ಅತ್ತೆ ಎಂದೇ ಕರೆದಿದ್ದರು, ‘ಇಲ್ಲ’ವನ್ನೂ ಹೇಳಿದ್ದರು. ಒಂದು ತಿಂಗಳ ಮೇಲೆ ತಮ್ಮ ಪುಸ್ತಕ ತೆರೆದು ತೋರಿಸಿದರು. ನಾಲ್ಕು ಭಾನುವಾರ. ಎರಡರಲ್ಲಿ ಹೇಳಿದ್ದರು. ಒಂದರಲ್ಲಿ ಹೇಳಿ ಅತ್ತಿದ್ದರು. ಒಂದರಲ್ಲಿ ಮನೆಗೆ ನೆಂಟರು ಬಂದಿದ್ದರಿಂದ ಹೇಳಲೇ ಇಲ್ಲ. ನಾನು ನೋಡಿದ ಎಲ್ಲ ತರಬೇತಿ ವರದಿಗಳಿಗಿಂತ ಆ ನಾಲ್ಕು ಸಾಲು ಹೆಚ್ಚು ಹೇಳಿದವು.

ಒಬ್ಬರ ಪುಸ್ತಕದಿಂದ ವಿಜ್ಞಾನ ಆಗುವುದಿಲ್ಲ, ನಿಜ. ಆದರೆ ಇದನ್ನೇ ಹಿಗ್ಗಿಸಬಹುದು, ಅದಕ್ಕೆ ದೊಡ್ಡ ಅನುದಾನವೂ ಬೇಕಿಲ್ಲ. ಈ ನಗರದ ಒಂದು ಕಾಲೇಜು ತನ್ನ ಅಧ್ಯಾಪಕರಿಗೆ ಟಿಎ ಕಲಿಸಲು ಹೊರಟಿದೆ ಎಂದುಕೊಳ್ಳಿ. ಅರವತ್ತು ಮಂದಿ, ಹೇಗಿದ್ದರೂ ಎರಡು ತಂಡ ಮಾಡಲೇಬೇಕು. ಯಾರು ಮೊದಲ ತಂಡ ಎಂಬುದನ್ನು ಹಿರಿತನದಿಂದ ನಿರ್ಧರಿಸುವ ಬದಲು ಚೀಟಿ ಎತ್ತಿ ನಿರ್ಧರಿಸಿ. ಜೂನ್ ಮೊದಲ ವಾರದಲ್ಲಿ ಅರವತ್ತೂ ಮಂದಿಯ ಅಳತೆ ತೆಗೆಯಿರಿ: ಅವರೇ ತುಂಬುವ ಪ್ರಶ್ನಾವಳಿ ಒಂದು, ಅವರ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗಳು ಹೆಸರಿಲ್ಲದೆ ತುಂಬುವ ಕನ್ನಡದ ಪ್ರಶ್ನಾವಳಿ ಇನ್ನೊಂದು. ‘ಈ ಮೇಷ್ಟರು, ಈ ಮೇಡಂ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ’ ಎಂಬಂಥ ಹತ್ತು ವಾಕ್ಯ ಇದ್ದರೆ ಸಾಕು. ಮೊದಲ ತಂಡಕ್ಕೆ ಜೂನ್‌ನಲ್ಲೇ ತರಬೇತಿ. ಸೆಪ್ಟೆಂಬರ್‌ನಲ್ಲಿ ಮತ್ತೆ ಅರವತ್ತೂ ಮಂದಿಯ ಅಳತೆ. ಲೆಕ್ಕ ಹಾಕುವ ಕೆಲಸವನ್ನು ತರಬೇತುದಾರರಿಗೆ ಕೊಡಬೇಡಿ, ಸಂಖ್ಯಾಶಾಸ್ತ್ರ ವಿಭಾಗದವರು ಮಾಡಲಿ. ಬಂದ ಫಲಿತಾಂಶ ಹೇಗೇ ಇರಲಿ ಪ್ರಕಟಿಸುತ್ತೇವೆ ಎಂದು ಜೂನ್‌ನಲ್ಲೇ ಬರೆದುಕೊಡಿ. ಎರಡನೆಯ ತಂಡಕ್ಕೂ ತರಬೇತಿ ತಪ್ಪುವುದಿಲ್ಲ, ಸೆಪ್ಟೆಂಬರ್‌ವರೆಗೆ ಕಾಯಬೇಕು ಅಷ್ಟೇ.